ಬಿಡಿ ದುಡಿಮೆಯ ದರ ಗೊತ್ತುಮಾಡುವವರು ಯಾರು?

ಗಿರಣಿಯ ಬಾಗಿಲಿಗೆ ಬೀಗ ಬಿದ್ದರೆ ಊರಿಗೆಲ್ಲ ಕಾಣುತ್ತದೆ. ಬೀಗದ ಮುಂದೆ ಜನ ಸೇರುತ್ತಾರೆ, ಬಾವುಟ ಏರುತ್ತದೆ, ಅಧಿಕಾರಿಗಳು ಬಂದು ಹೋಗುತ್ತಾರೆ, ಪತ್ರಿಕೆಗಳಲ್ಲಿ ನಾಲ್ಕು ಸಾಲು ಬರುತ್ತದೆ. ಆದರೆ ಮನೆಯ ಒಂದು ಮೂಲೆಯಲ್ಲಿ ಕಂಪ್ಯೂಟರನ್ನೋ ಹೊಲಿಗೆ ಯಂತ್ರವನ್ನೋ ಇಟ್ಟುಕೊಂಡು, ಇವತ್ತು ಒಬ್ಬ ಗಿರಾಕಿಗೆ, ನಾಳೆ ಇನ್ನೊಬ್ಬನಿಗೆ ಬಿಡಿಬಿಡಿಯಾಗಿ ಕೆಲಸ ಮಾಡಿಕೊಟ್ಟು ಬದುಕುವವರ ಕೂಲಿ ಅರ್ಧಕ್ಕಿಳಿದರೆ ಪಕ್ಕದ ಮನೆಯವರಿಗೂ ತಿಳಿಯುವುದಿಲ್ಲ. ಅವರ ಕೂಲಿ ನಿರ್ಧಾರವಾಗುವುದು ಇಬ್ಬರ ನಡುವಿನ ಐದು ನಿಮಿಷದ ಮಾತಿನಲ್ಲಿ. ಆ ಐದು ನಿಮಿಷದ ವಿಷಯವಾಗಿ ಈ ವಾರ ನಮ್ಮ ಓದುಗರೊಡನೆ ಸ್ವಲ್ಪ ವಿವರವಾಗಿಯೇ ಮಾತನಾಡಬೇಕೆಂದಿದ್ದೇವೆ.

ಇದು ಗಿರಣಿ ಕಾರ್ಮಿಕರಿಗೆ ಸಂಬಂಧಪಡದ ಮಾತೆಂದು ಯಾರೂ ತಿಳಿಯಬಾರದು. ದಾವಣಗೆರೆ, ಹುಬ್ಬಳ್ಳಿಗಳ ಹಳೆಯ ಹತ್ತಿ ಗಿರಣಿಗಳು ಒಂದರ ಹಿಂದೆ ಒಂದು ಮುಚ್ಚಿಹೋದವು. ಅಪ್ಪ ಮಸ್ಟರಿನಲ್ಲಿ ಹೆಸರಿದ್ದ ಮನುಷ್ಯ. ಬೋನಸ್ಸಿಗಾಗಿ ಹೋರಾಡಿದ, ಪ್ರಾವಿಡೆಂಟ್ ಫಂಡ್ ಪಡೆದ, ಕಾಯಿಲೆ ಬಿದ್ದಾಗ ಇ.ಎಸ್.ಐ. ಆಸ್ಪತ್ರೆಯ ಸಾಲಿನಲ್ಲಿ ನಿಂತ. ಮಗ ಈಗ ಡಿ.ಟಿ.ಪಿ. ಮಾಡುತ್ತಾನೆ, ಮದುವೆಗಳಿಗೆ ಹೋಗಿ ಫೋಟೋ ತೆಗೆಯುತ್ತಾನೆ. ಮಗಳು ಬ್ಲೌಸ್ ಹೊಲಿದು, ಸೀರೆಗೆ ಕುಚ್ಚು ಕಟ್ಟಿ ಕೊಡುತ್ತಾಳೆ. ಓದಿಕೊಂಡ ಸೊಸೆ ಬೆಂಗಳೂರಿನ ಯಾವುದೋ ಕಂಪನಿಗೆ ಮನೆಯಿಂದಲೇ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿ ಕಳಿಸುತ್ತಾಳೆ; ಒಂದು ಪದಕ್ಕೆ ಇಷ್ಟು ಪೈಸೆ ಎಂಬ ಲೆಕ್ಕ. ಈ ಮೂವರ ಹೆಸರೂ ಯಾವ ಮಸ್ಟರಿನಲ್ಲಿಯೂ ಇಲ್ಲ. ಸರ್ಕಾರದ ಕಡತಗಳಲ್ಲಿ ಇವರು ಸ್ವಂತ ಉದ್ಯೋಗಿಗಳು. ಬ್ಯಾಂಕಿನವರ ಬಾಯಲ್ಲಿ ಉದ್ಯಮಿಗಳು. ಭಾಷಣಕಾರರ ಬಾಯಲ್ಲಿ ಯಾರ ಹಂಗೂ ಇಲ್ಲದ ಸ್ವತಂತ್ರರು.

ಇಂಥವರಲ್ಲಿ ಪತ್ರಿಕೆಗಳಿಗೆ ಬರೆಯುವವರನ್ನು ಕನ್ನಡದಲ್ಲಿ 'ಹವ್ಯಾಸಿ ಪತ್ರಕರ್ತ'ರೆಂದು ಕರೆಯುವ ರೂಢಿಯಿದೆ. ಹವ್ಯಾಸವೆಂದರೆ ಹೊತ್ತು ಕಳೆಯಲು ಮಾಡುವ ಕೆಲಸ. ಹೆಸರಿಡುವಾಗಲೇ ಕೂಲಿ ಕೊಡದಿರಲು ದಾರಿ ಮಾಡಿಕೊಂಡಂತಾಯಿತು!

ದುಡಿಮೆಯ ಸಾಧನ ನನ್ನದಾದರೆ ದುಡಿಮೆಯ ದರವೂ ನನ್ನ ಕೈಯಲ್ಲಿ ಇರುತ್ತದೆಂಬ ನಂಬಿಕೆ ಇವರಲ್ಲಿ ಅನೇಕರಿಗಿದೆ. ಅದು ಎಷ್ಟರ ಮಟ್ಟಿಗೆ ನಿಜವೆಂದು ತಿಳಿಯಬೇಕಾದರೆ ಫ್ರಾನ್ಸ್ ದೇಶದ ಲಿಯಾನ್ ಪಟ್ಟಣದ ರೇಷ್ಮೆ ನೇಕಾರರ ಕಥೆಯನ್ನು ನೆನೆಯಬೇಕು. 1831ರ ಮಾತು. ಆ ನೇಕಾರರು ಕಾರ್ಖಾನೆಯ ಆಳುಗಳಾಗಿರಲಿಲ್ಲ. ಮಗ್ಗ ಅವರದೇ, ಮನೆಯೂ ಅವರು ಬಾಡಿಗೆಗೆ ಹಿಡಿದದ್ದೇ, ಕೆಲಸಕ್ಕೆ ಒಬ್ಬಿಬ್ಬರು ಸಹಾಯಕರನ್ನೂ ಇಟ್ಟುಕೊಂಡಿದ್ದರು. ವ್ಯಾಪಾರಿ ರೇಷ್ಮೆಯನ್ನೂ ನಮೂನೆಯನ್ನೂ ಕೊಡುತ್ತಿದ್ದ. ನೇಯ್ದು ತಂದ ಬಟ್ಟೆಯನ್ನು ಅಳೆದು ಕೂಲಿ ಎಣಿಸುತ್ತಿದ್ದ. ನಮ್ಮ ರಬಕವಿ-ಬನಹಟ್ಟಿಗಳಲ್ಲಿ ನೂಲು ತಂದು, ಸೀರೆ ನೇಯ್ದು ಕೊಟ್ಟು, ಸೀರೆಗೆ ಇಷ್ಟೆಂದು ಮಜೂರಿ ಪಡೆಯುವ ನೇಕಾರರಿಗೆ ಈ ಏರ್ಪಾಡನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. ವ್ಯಾಪಾರಿಗಳು ಒಬ್ಬ ನೇಕಾರನನ್ನು ಇನ್ನೊಬ್ಬನ ಮೇಲೆ ಬಿಟ್ಟು ದರವನ್ನು ಇಳಿಸುತ್ತ ಹೋದರು. ಕೊನೆಗೆ ನೇಕಾರರು ಒಟ್ಟಾಗಿ ಒಂದು ದರಪಟ್ಟಿ ಬೇಕೆಂದು ಕೇಳಿದರು. ಅಲ್ಲಿನ ಜಿಲ್ಲಾಧಿಕಾರಿ ಎರಡು ಕಡೆಯ ಪ್ರತಿನಿಧಿಗಳನ್ನೂ ಕೂರಿಸಿ ಅಕ್ಟೋಬರ್ 25ರಂದು ಕನಿಷ್ಠ ದರಗಳ ಪಟ್ಟಿಯೊಂದನ್ನು ಒಪ್ಪಿಸಿದ. ನೂರಕ್ಕೂ ಹೆಚ್ಚು ವ್ಯಾಪಾರಿಗಳು ಅದನ್ನು ಧಿಕ್ಕರಿಸಿ ಪ್ಯಾರಿಸ್ಸಿಗೆ ದೂರು ಒಯ್ದರು. ಕೊಡುವವನೂ ಸ್ವತಂತ್ರ, ಮಾಡುವವನೂ ಸ್ವತಂತ್ರ, ಅವರಿಬ್ಬರ ನಡುವೆ ದರ ಕಟ್ಟಲು ನೀವು ಯಾರು ಎಂಬುದು ಅವರ ವಾದ. ಸರ್ಕಾರವೂ ಅದನ್ನೇ ಹೇಳಿ ಪಟ್ಟಿಗೆ ಕಾನೂನಿನ ಬಲವಿಲ್ಲವೆಂದು ಸಾರಿತು. ನವೆಂಬರ್ 21ರಂದು ನೇಕಾರರು ತಮ್ಮ ಗುಡ್ಡದ ಕೇರಿಯಿಂದ ಇಳಿದು ಬಂದರು, ರಕ್ತ ಹರಿಯಿತು, ಕೆಲವು ದಿನ ಇಡೀ ಪಟ್ಟಣ ಅವರ ಕೈಯಲ್ಲಿತ್ತು. ಡಿಸೆಂಬರಿನಲ್ಲಿ ಸೈನ್ಯ ಒಳಹೊಕ್ಕಿತು. ದರಪಟ್ಟಿ ರದ್ದಾಯಿತು. ಪಟ್ಟಿ ಒಪ್ಪಿಸಿದ ಅಧಿಕಾರಿಯ ಹುದ್ದೆಯೂ ಹೋಯಿತು.

ಮಗ್ಗದ ಜಾಗದಲ್ಲಿ ಕಂತಿನ ಮೇಲೆ ಕೊಂಡ ಕಂಪ್ಯೂಟರ್ ಇಟ್ಟು ನೋಡಿದರೆ, ಕೊಡುವವನೂ ಮಾಡುವವನೂ ಸ್ವತಂತ್ರರೆಂಬ ಆ ವಾದ ಇಂದಿಗೂ ಹಾಗೆಯೇ ನಡೆಯುತ್ತಿದೆ. ಎರಡು ಕಡೆಯವರೂ ಸ್ವತಂತ್ರರು, ಸರಿ. ಆದರೆ ಒಬ್ಬ ಕಾಯಬಲ್ಲ, ಇನ್ನೊಬ್ಬ ಕಾಯಲಾರ. ಗಿರಾಕಿಗೆ ಈ ತಿಂಗಳು ಕೆಲಸ ಆಗದಿದ್ದರೆ ಮುಂದಿನ ತಿಂಗಳಾದರೂ ನಡೆದೀತು. ಮಾಡುವವನಿಗೆ ಐದನೇ ತಾರೀಖಿನೊಳಗೆ ಮನೆ ಬಾಡಿಗೆ ಕೊಡಬೇಕು. ಹೀಗಿರುವಲ್ಲಿ ಇಬ್ಬರೇ ಕೂತು ಗೊತ್ತುಮಾಡುವ ದರ ಕೆಲಸದ ಬೆಲೆಯಾಗಿರುವುದಿಲ್ಲ, ಮಾಡುವವನ ಹಸಿವಿನ ಅಳತೆಯಾಗಿರುತ್ತದೆ.

ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವುದನ್ನು ನಮ್ಮ ಓದುಗರಲ್ಲಿ ಬಹಳ ಮಂದಿ ನೋಡಿರುತ್ತಾರೆ. ಪಕ್ಕದಲ್ಲಿ ನಿಂತವನಿಗೂ ದರ ಗೊತ್ತಾಗಬಾರದು. ಬಿಡಿ ದುಡಿಮೆಯ ದರವೂ ಇಂದು ಟವೆಲಿನ ಕೆಳಗೇ ಇದೆ. ಒಂದೇ ಬೀದಿಯ ಇಬ್ಬರು ಡಿ.ಟಿ.ಪಿ.ಯವರಲ್ಲಿ ಒಬ್ಬ ಪುಟಕ್ಕೆ ಎಷ್ಟು ತೆಗೆದುಕೊಳ್ಳುತ್ತಾನೆಂಬುದು ಇನ್ನೊಬ್ಬನಿಗೆ ಗೊತ್ತಿಲ್ಲ. ಇಬ್ಬರ ದರವೂ ಗೊತ್ತಿರುವುದು ಗಿರಾಕಿಗೆ ಮಾತ್ರ. ಆದ್ದರಿಂದಲೇ ಅವನು ಧೈರ್ಯವಾಗಿ "ಆಚೆ ಅಂಗಡಿಯವನು ಅರ್ಧಕ್ಕೆ ಮಾಡಿಕೊಡ್ತಾನೆ" ಎನ್ನಬಲ್ಲ. ನಿಜವೋ ಸುಳ್ಳೋ, ಹೋಗಿ ಕೇಳಿದವರು ಯಾರು?

ಹಾಗಾದರೆ ಗಿರಾಕಿಯ ಮುಂದೆ ಕೂರುವ ಮೊದಲು ಮಾಡಬೇಕಾದದ್ದೇನು? ಗಿರಣಿಯ ಮಾಲೀಕ ಮಾಡುವುದನ್ನೇ ಮಾಡಬೇಕು: ತನ್ನ ಕೆಲಸ ತನಗೆ ಎಷ್ಟು ಖರ್ಚಿಗೆ ಬೀಳುತ್ತದೆಂದು ಲೆಕ್ಕ ಹಾಕಬೇಕು. ಯಾವ ಮಾಲೀಕನೂ ಹತ್ತಿ, ವಿದ್ಯುತ್ತು, ಯಂತ್ರದ ಸವಕಳಿ, ಸಾಲದ ಬಡ್ಡಿ ಇವುಗಳನ್ನು ಸೇರಿಸದೆ ನೂಲಿಗೆ ದರ ಹೇಳುವುದಿಲ್ಲ. ನಮ್ಮವರು ಮಾತ್ರ ಗಿರಾಕಿಯ ಮುಖ ನೋಡಿ ದರ ಹೇಳುತ್ತಾರೆ.

ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಕಿಗಳನ್ನು ಓದುಗರು ತಮ್ಮ ಮನೆಗೆ ತಕ್ಕಂತೆ ಬದಲಿಸಿಕೊಳ್ಳಲಿ. ಮನೆ ಖರ್ಚು ತಿಂಗಳಿಗೆ 16,000 ರೂಪಾಯಿ. ಸಾಮಾನ್ಯವಾಗಿ ಮಾಡುವ ಲೆಕ್ಕವೇನೆಂದರೆ, ಇದನ್ನು 30 ದಿನಕ್ಕೆ ಹಂಚುವುದು. ದಿನಕ್ಕೆ 533 ಬರುತ್ತದೆ. ಆಗ ದಿನದ ಕೆಲಸಕ್ಕೆ 600 ಕೇಳಿ, ಸ್ವಲ್ಪ ಲಾಭವೇ ಆಯಿತೆಂದು ಮನೆಗೆ ಬರುತ್ತಾರೆ. ಈ ಲೆಕ್ಕದಲ್ಲಿ ಎರಡು ತಪ್ಪುಗಳಿವೆ. ಒಂದು, ಖರ್ಚು ಬರೀ ಮನೆಯದಲ್ಲ. ಯಂತ್ರದ ಕಂತು 2,000. ವಿದ್ಯುತ್ತು, ಇಂಟರ್ನೆಟ್, ರಿಪೇರಿ ಸೇರಿ 2,000. ಗಿರಣಿಯಲ್ಲಾಗಿದ್ದರೆ ಮಾಲೀಕ ಕಟ್ಟುತ್ತಿದ್ದ ಪ್ರಾವಿಡೆಂಟ್ ಫಂಡ್, ಇ.ಎಸ್.ಐ., ರಜೆಯ ಸಂಬಳ, ಬೋನಸ್ಸು ಇವುಗಳ ಬದಲಿಗೆ ತಾನೇ ಎತ್ತಿಡಬೇಕಾದದ್ದು ಕಡಿಮೆಯೆಂದರೂ 4,000. ಒಟ್ಟು 24,000 ಆಯಿತು. ಎರಡನೆಯದು, ತಿಂಗಳಿನ ಮೂವತ್ತು ದಿನವೂ ದುಡ್ಡು ತರುವ ದಿನಗಳಲ್ಲ. ವಾರದ ರಜೆ ಕಳೆದು 26 ದಿನ ಉಳಿದವೆನ್ನಿ. ಕೆಲಸ ಹುಡುಕುವುದಕ್ಕೆ, ಮಾದರಿ ತೋರಿಸುವುದಕ್ಕೆ, ತಿದ್ದುವುದಕ್ಕೆ, ಹಳೆಯ ಬಾಕಿಗಾಗಿ ಅಲೆಯುವುದಕ್ಕೆ ಅದರಲ್ಲಿ ಹತ್ತು ದಿನ ಹೋಗುತ್ತವೆ. ಕೂಲಿ ಹುಟ್ಟುವ ದಿನಗಳು ಹದಿನಾರೇ. 24,000ವನ್ನು 16ರಿಂದ ಭಾಗಿಸಿದರೆ 1,500. ಅಂದರೆ 1,500 ಕೇಳಬೇಕಾದವನು 600 ಕೇಳಿದ್ದಾನೆ. ಹದಿನಾರು ದಿನಕ್ಕೆ ಅವನ ಕೈಗೆ ಬಂದದ್ದು 9,600. ಉಳಿದದ್ದನ್ನು ತುಂಬುವವರು ಯಾರು? ಹೆಂಡತಿಯ ಚಿನ್ನ, ಅಪ್ಪನ ಪಿಂಚಣಿ, ಕೈಸಾಲ.

ಈ ಲೆಕ್ಕದಂತೆ ಕೇಳಿದರೆ ಎಲ್ಲರಿಗೂ 1,500 ಸಿಕ್ಕಿಬಿಡುತ್ತದೆಂದು ನಾವು ಹೇಳುತ್ತಿಲ್ಲ. ಆದರೆ ತನ್ನ ನೆಲ ಎಲ್ಲಿದೆಯೆಂದು ಗೊತ್ತಿರುವವನು ಎಲ್ಲಿಯವರೆಗೆ ಇಳಿಯಬಹುದು, ಎಲ್ಲಿ ಎದ್ದು ನಿಲ್ಲಬೇಕು ಎಂಬುದನ್ನೂ ಬಲ್ಲ. ಗೊತ್ತಿಲ್ಲದವನು ಗಿರಾಕಿ ನಿಲ್ಲಿಸಿದ ಕಡೆ ನಿಲ್ಲುತ್ತಾನೆ.

ಇನ್ನು ಮಾತಿನ ವಿಚಾರ. ಹೊಸ ಗಿರಾಕಿ ಬಂದ ಕೂಡಲೇ ಕೇಳುವುದು "ನಿಮ್ಮ ರೇಟು ಎಷ್ಟು?" ಎಂದು. ಎಷ್ಟು ಕೆಲಸ, ಯಾವ ಬಗೆಯದು, ಯಾವಾಗ ಬೇಕು, ಇದಾವುದನ್ನೂ ಹೇಳದೆ ದರ ಕೇಳುವುದು ರೋಗ ಹೇಳದೆ ಔಷಧದ ಬೆಲೆ ಕೇಳಿದಂತೆ. ಮೊದಲು ಕೆಲಸದ ವಿವರ ಕೇಳಬೇಕು. ಇದಕ್ಕಾಗಿ ಎಷ್ಟು ಹಣ ತೆಗೆದಿಟ್ಟಿದ್ದೀರಿ ಎಂದೂ ಸಂಕೋಚವಿಲ್ಲದೆ ಕೇಳಬೇಕು. ಅವರು ಹೇಳಲಿಕ್ಕಿಲ್ಲ. ಕೇಳಿದ್ದರಿಂದ ನಷ್ಟವೂ ಇಲ್ಲ.

"ಈ ಸಲ ಕಡಿಮೆಗೆ ಮಾಡಿಕೊಡಿ, ಮುಂದೆ ನಿಮಗೇ ರಾಶಿ ಕೆಲಸ ಕೊಡ್ತೀವಿ" ಎಂಬ ಮಾತು ಎಲ್ಲ ಊರುಗಳಲ್ಲಿಯೂ ಇದೆ. ಇದನ್ನು ನಂಬಿ ಕೆಟ್ಟವರಿಗೆ ಲೆಕ್ಕವಿಲ್ಲ. ಮೊದಲ ಸಲ ಹೇಳಿದ ದರವೇ ಮುಂದಿನ ಎಲ್ಲ ಸಲಕ್ಕೂ ಮೇಲ್ಮಿತಿಯಾಗುತ್ತದೆ. ಐವತ್ತು ರೂಪಾಯಿಗೆ ಮಾಡಿಕೊಟ್ಟವನು ಮುಂದೆ ನೂರು ಕೇಳಿದರೆ ಅವನಿಗೆ ದುರಾಸೆಯ ಹೆಸರು ಬರುತ್ತದೆ. ಗಿರಾಕಿಗೆ ನಿಜವಾಗಿಯೂ ಮುಂದೆ ರಾಶಿ ಕೆಲಸವಿದ್ದರೆ, ಹತ್ತನೆಯ ಕೆಲಸಕ್ಕೆ ರಿಯಾಯಿತಿ ಕೊಡೋಣ ಎಂದು ಹೇಳಬಹುದು. ಕಿರಾಣಿ ಅಂಗಡಿಯವರು ಮೂಟೆ ಕೊಂಡವನಿಗೆ ದರ ಇಳಿಸುತ್ತಾರೆಯೇ ಹೊರತು, ಮುಂದೆ ಮೂಟೆ ಕೊಳ್ಳುತ್ತೇನೆಂದು ಹೇಳಿ ಕಾಲು ಕಿಲೋ ಕೇಳಿದವನಿಗೆ ಇಳಿಸುತ್ತಾರೇನು?

"ನಮ್ಮ ಹುಡುಗ ಅಂತ ಕರೆದದ್ದು" ಎಂಬ ಮಾತು ಇದಕ್ಕಿಂತ ಕಷ್ಟದ್ದು. ಇದರಲ್ಲಿ ಜಾತಿ, ಕೇರಿ, ನೆಂಟಸ್ತನ ಎಲ್ಲವೂ ಬರುತ್ತವೆ. ಹೆಣ್ಣುಮಕ್ಕಳಿಗಂತೂ ಇದು ದಿನನಿತ್ಯದ ಕಾಟ. "ಅಕ್ಕಾ, ಮನೇಲೇ ಕೂತು ಮಾಡ್ತೀರಲ್ಲ, ಇಷ್ಟ್ಯಾಕೆ ತಗೊಳ್ತೀರಿ?" ಎಂದು ಕೇಳುವ ಹೆಂಗಸೇ ಪೇಟೆಯ ದರ್ಜಿಗೆ ತುಟಿ ಬಿಚ್ಚದೆ ದುಡ್ಡು ಎಣಿಸಿ ಬಂದಿರುತ್ತಾಳೆ. ಮನೆಯಲ್ಲಿ ಕೂತು ಹೊಲಿದರೆ ದಾರ ಪುಕ್ಕಟೆ ಬರುವುದಿಲ್ಲ, ಕಣ್ಣು ನೋಯದೆ ಇರುವುದಿಲ್ಲ. ಇಂಥ ಮಾತಿಗೆ ಜಗಳವಾಡಬೇಕಾದ್ದಿಲ್ಲ. "ದುಡ್ಡು ಕಡಿಮೆ ಆಗೋದಾದ್ರೆ ಕೆಲಸವನ್ನೂ ಕಡಿಮೆ ಮಾಡೋಣ, ಕುಚ್ಚು ಬಿಟ್ಟು ಬರೀ ಹೊಲಿಗೆ ಮಾಡಿಕೊಡ್ತೀನಿ" ಎಂದು ಹೇಳುವುದನ್ನು ಕಲಿಯಬೇಕು. ದರ ಇಳಿಸಬೇಕಾಗಿ ಬಂದಾಗಲೆಲ್ಲ ಕೆಲಸದ ಒಂದು ತುಂಡನ್ನೂ ಜೊತೆಗೆ ಇಳಿಸಬೇಕು: ಪುಟ ಕಡಿಮೆ, ಫೋಟೋ ಕಡಿಮೆ, ಇಲ್ಲವೆ ಎರಡು ದಿನದ ಬದಲು ಎಂಟು ದಿನದ ವಾಯಿದೆ. ಏನನ್ನೂ ಇಳಿಸದೆ ದರವೊಂದನ್ನೇ ಇಳಿಸಿದರೆ, ಮೊದಲು ಹೇಳಿದ್ದು ಸುಳ್ಳು ದರವಾಗಿತ್ತೆಂದು ತಾನೇ ಒಪ್ಪಿಕೊಂಡಂತೆ.

ಮಾದರಿ ಮಾಡಿ ತೋರಿಸಿ ಎನ್ನುವವರಿಗೆ ಹಿಂದೆ ಮಾಡಿದ ಕೆಲಸವನ್ನು ತೋರಿಸಿದರೆ ಸಾಕು. ಹೊಸದಾಗಿಯೇ ಬೇಕೆಂದರೆ ಅದಕ್ಕೂ ಕೂಲಿ ಇದೆ.

ತಿದ್ದುಪಡಿಯ ವಿಷಯದಲ್ಲಿ ಆಗುವ ಅನ್ಯಾಯ ದರದ ಅನ್ಯಾಯಕ್ಕಿಂತ ದೊಡ್ಡದು. ಒಪ್ಪಿದ ದರಕ್ಕೆ ಲಗ್ನಪತ್ರಿಕೆ ಮಾಡಿದ್ದಾಯಿತು. ಸೋದರಮಾವನ ಹೆಸರು ಬಿಟ್ಟಿದೆ, ದೊಡ್ಡಪ್ಪನ ಹೆಸರು ಮೇಲೆ ಬರಬೇಕು, ಬಣ್ಣ ಅತ್ತೆಗೆ ಒಪ್ಪಿಗೆಯಿಲ್ಲ ಎಂದು ಒಂಬತ್ತು ಸಲ ಬಂದು ಕೂರುತ್ತಾರೆ. ದರ ಅದೇ, ದುಡಿಮೆ ಮೂರು ಪಟ್ಟು. ಎರಡು ಸಲದ ತಿದ್ದುಪಡಿ ಈ ದರದಲ್ಲಿ ಸೇರಿದೆ, ಮೂರನೆಯದರಿಂದ ಸಲಕ್ಕೆ ಇಷ್ಟು ಎಂಬ ಒಂದು ಸಾಲನ್ನು ಮೊದಲೇ ಬರೆದಿಟ್ಟರೆ ದೊಡ್ಡಪ್ಪನ ಹೆಸರು ಮೊದಲ ಸಲವೇ ಸರಿಯಾದ ಜಾಗದಲ್ಲಿ ಬರುತ್ತದೆ.

ಬರೆದಿಡುವುದೆಂದರೆ ಸ್ಟಾಂಪ್ ಕಾಗದ, ವಕೀಲರು ಎಂದು ಹೆದರಬೇಕಾಗಿಲ್ಲ. 1872ರ ಕರಾರು ಕಾನೂನಿನಂತೆ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಅದನ್ನು ರುಜುವಾತು ಮಾಡುವುದು ಕಷ್ಟ, ಅಷ್ಟೆ. ಮಾತು ಮುಗಿದ ದಿನವೇ ಏನು ಕೆಲಸ, ಎಷ್ಟು ದರ, ಮುಂಗಡ ಎಷ್ಟು, ಯಾವಾಗ ಕೊಡುವುದು, ಎಷ್ಟು ಸಲ ತಿದ್ದುವುದು ಎಂಬುದನ್ನು ವಾಟ್ಸಾಪಿನಲ್ಲಿ ಬರೆದು ಕಳಿಸಿ "ಒಪ್ಪಿಗೆ" ಎಂಬ ಒಂದು ಉತ್ತರ ತರಿಸಿಕೊಂಡರೂ ಅದು ದಾಖಲೆಯೇ. ಮುಂಗಡ ಮೂರನೆಯ ಒಂದು ಪಾಲಿಗಿಂತ ಕಡಿಮೆಯಿರಬಾರದೆಂಬುದು ನಮ್ಮ ಅಭಿಪ್ರಾಯ. ಮುಂಗಡ ಕೊಡಲೊಲ್ಲದವನು ಬಾಕಿ ಕೊಡುವುದನ್ನು ನಾವು ಅಪರೂಪಕ್ಕೆ ಕಂಡಿದ್ದೇವೆ. ಅಮೆರಿಕದ ನ್ಯೂಯಾರ್ಕ್ ನಗರ 2016ರಲ್ಲಿ ಇಂಥ ಬಿಡಿ ದುಡಿಮೆಗಾರರಿಗಾಗಿಯೇ ಕಾನೂನು ಮಾಡಿ, 2017ರಿಂದ ಜಾರಿಗೆ ತಂದಿತು. 800 ಡಾಲರಿಗೆ ಕಡಿಮೆಯಿಲ್ಲದ ಕೆಲಸಕ್ಕೆ ಗಿರಾಕಿಯೇ ಬರವಣಿಗೆಯ ಕರಾರು ಕೊಡಬೇಕು; ಕರಾರಿನಲ್ಲಿ ದಿನ ಹೇಳದಿದ್ದರೆ ಕೆಲಸ ಮುಗಿದ 30 ದಿನದೊಳಗೆ ಹಣ ಕೊಡಬೇಕು. ಬಂಡವಾಳದ ತವರಿನಲ್ಲಿಯೇ ಇದು ಬೇಕಾಯಿತೆಂಬುದನ್ನು ಗಮನಿಸಬೇಕು.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. 2006ರ ಸಣ್ಣ ಉದ್ದಿಮೆಗಳ ಕಾನೂನಿನಲ್ಲಿ, ನೋಂದಾಯಿತ ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗೆ ಕೊಡಬೇಕಾದ ಹಣವನ್ನು, ಕರಾರು ಏನೇ ಹೇಳಿದರೂ, 45 ದಿನ ಮೀರದಂತೆ ಕೊಡಬೇಕೆಂದಿದೆ. ಕರಾರಿಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೂ ಚಕ್ರಬಡ್ಡಿ. ವ್ಯಾಜ್ಯವಾದರೆ ಇದಕ್ಕೆಂದೇ ಇರುವ ಮಂಡಳಿಯ ಮುಂದೆ ಹೋಗಬಹುದು; ಮಂಡಳಿಯ ತೀರ್ಪಿನ ವಿರುದ್ಧ ಗಿರಾಕಿ ಕೋರ್ಟಿಗೆ ಹೋಗಬೇಕಾದರೆ ಮೊದಲು ನೂರಕ್ಕೆ 75ರಷ್ಟು ಹಣವನ್ನು ಠೇವಣಿ ಇಡಬೇಕು. ಸೇವೆ ಮಾಡುವ ಒಬ್ಬನೇ ಮನುಷ್ಯನೂ ಈ ಕಾನೂನಿನ ಕಣ್ಣಿಗೆ ಉದ್ದಿಮೆಯೇ. 2020ರ ಜುಲೈಯಿಂದ 'ಉದ್ಯಮ್' ನೋಂದಣಿ ಬಂದಿದೆ. ಅದಕ್ಕೆ ಕಾಸಿನ ಖರ್ಚಿಲ್ಲ, ಆಧಾರ್ ಸಂಖ್ಯೆ ಬೇಕು. ಕೆಲಸ ಹಿಡಿಯುವ ಮೊದಲೇ ನೋಂದಾಯಿಸಿಕೊಂಡಿರಬೇಕು. ಬಾಕಿ ಬಿದ್ದ ಮೇಲೆ ಓಡಿದರೆ ಗಿರಾಕಿಯ ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ. ಇದರ ಮೇಲೆ ಆದಾಯ ತೆರಿಗೆಯ ಕಾನೂನಿಗೆ 2023ರಲ್ಲಿ ಒಂದು ತಿದ್ದುಪಡಿಯಾಗಿ, ಇಂಥ ಬಾಕಿಯನ್ನು ವಾಯಿದೆಯೊಳಗೆ ಕೊಡದ ಕಂಪನಿ ನಿಜವಾಗಿ ಹಣ ಕೊಡುವವರೆಗೆ ಅದನ್ನು ಖರ್ಚೆಂದು ತೋರಿಸಿ ತೆರಿಗೆ ಉಳಿಸುವಂತಿಲ್ಲವೆಂದಾಯಿತು. ದೊಡ್ಡ ಗಿರಾಕಿಗೆ ನ್ಯಾಯದ ಭಯಕ್ಕಿಂತ ಈ ಭಯ ಹೆಚ್ಚು ನಾಟಿದೆ. ಬಿಲ್ಲಿನ ತಲೆಯಲ್ಲಿ ಉದ್ಯಮ್ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಹಾಕಿ ಎಂದು ನಾವು ಹೇಳುವುದು ಇದಕ್ಕಾಗಿ.

ಆದರೆ ಈ ಕಾನೂನುಗಳೆಲ್ಲ ಒಪ್ಪಿದ ಹಣವನ್ನು ಕೊಡಿಸುತ್ತವೆ. ಎಷ್ಟಕ್ಕೆ ಒಪ್ಪಬೇಕೆಂಬಲ್ಲಿ ಅವು ಬಾಯಿ ಬಿಡುವುದಿಲ್ಲ. ಕರ್ನಾಟಕ ಸರ್ಕಾರ 2025ರಲ್ಲಿ ಆ್ಯಪ್‌ಗಳ ಮೂಲಕ ದುಡಿಯುವವರಿಗೆಂದು ಒಂದು ಕಾನೂನು ಮಾಡಿ, ಅವರ ಕಲ್ಯಾಣನಿಧಿಗೆ ಕಂಪನಿಗಳಿಂದ ಶುಲ್ಕ ವಸೂಲಿಗೆ ಏರ್ಪಾಡು ಮಾಡಿದೆ. ಒಳ್ಳೆಯದು. ಆದರೆ ಸ್ವತಃ ಗಿರಾಕಿ ಹುಡುಕಿಕೊಳ್ಳುವ ಡಿ.ಟಿ.ಪಿ.ಯವನಾಗಲಿ ಅನುವಾದಕಳಾಗಲಿ ಅದರೊಳಗೆ ಬರುವುದಿಲ್ಲ. ಬೀಡಿ ಕಟ್ಟುವ ತಾಯಂದಿರ ವಿಷಯದಲ್ಲಿ ಸಾವಿರ ಬೀಡಿಗೆ ಇಷ್ಟೆಂದು ಸರ್ಕಾರವೇ ಕನಿಷ್ಠ ಕೂಲಿ ಗೊತ್ತುಮಾಡುತ್ತದೆ. ಮನೆಯಲ್ಲಿ ಕೂತು, ಬಿಡಿಯೆಣಿಕೆಯಲ್ಲಿ ದುಡಿಯುವವರಿಗೂ ದರಕ್ಕೊಂದು ನೆಲ ಬೇಕೆಂಬ ತತ್ವವನ್ನು 1948ರ ಕನಿಷ್ಠ ವೇತನ ಕಾನೂನಿನ ಕಾಲದಲ್ಲಿಯೇ ಈ ದೇಶ ಒಪ್ಪಿದೆ. ಸಾವಿರ ಬೀಡಿಗೆ ಆಗುವುದು ಸಾವಿರ ಪದಕ್ಕೆ ಏಕೆ ಆಗಬಾರದು?

ಸರ್ಕಾರ ಮಾಡುವವರೆಗೆ ಕಾಯಬೇಕೇ? ಕ್ಷೌರದ ಅಂಗಡಿಯೊಳಗೆ ಹೋಗಿ ನೋಡಿ. ಕನ್ನಡಿಯ ಪಕ್ಕದಲ್ಲಿ ಚೌಕಟ್ಟು ಹಾಕಿದ ದರಪಟ್ಟಿ: ಕಟಿಂಗಿಗೆ ಇಷ್ಟು, ಶೇವಿಂಗಿಗೆ ಇಷ್ಟು, ಮಕ್ಕಳಿಗೆ ಇಷ್ಟು, ಕೆಳಗೆ ಸಂಘದ ಮುದ್ರೆ. ಊರಿನ ಕಸುಬುದಾರರೆಲ್ಲ ಒಟ್ಟು ಕೂತು ಒಪ್ಪಿದ ಪಟ್ಟಿ ಅದು. ಲಕ್ಷಾಧಿಪತಿ ಬಂದು ಕೂತರೂ ಆ ಪಟ್ಟಿಯ ಮುಂದೆ ಚೌಕಾಸಿ ಮಾಡುವುದಿಲ್ಲ. ಸಮಾಜ ಯಾರನ್ನು ತುಳಿದಿಟ್ಟಿತ್ತೋ ಆ ಕಸುಬಿನವರು ಟವೆಲಿನ ಕೆಳಗಿದ್ದ ದರವನ್ನು ಗೋಡೆಯ ಮೇಲೆ ತೂಗುಹಾಕಿದ್ದಾರೆ. ಪದವಿ ಪಡೆದು ಕಂಪ್ಯೂಟರಿನ ಮುಂದೆ ಕೂತವರಿಗೆ ಅದು ಈವರೆಗೆ ಆಗಿಲ್ಲ.

ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಗಿರಣಿ ಕಾರ್ಮಿಕರು ಒಟ್ಟಾಗಿ ಕೂಲಿ ಕೇಳಿದರೆ 1926ರ ಕಾರ್ಮಿಕ ಸಂಘಗಳ ಕಾನೂನಿನ ಕಾಲದಿಂದ ಅವರಿಗೆ ರಕ್ಷಣೆಯಿದೆ. ಆದರೆ ಸ್ವತಂತ್ರ ಉದ್ಯಮಿಗಳೆನಿಸಿಕೊಂಡವರು ಒಟ್ಟಾಗಿ ದರ ಕಟ್ಟಿದರೆ 2002ರ ಸ್ಪರ್ಧಾ ಕಾನೂನು ಅದನ್ನು ಸಂಶಯದಿಂದ ನೋಡುತ್ತದೆ. ಸಿಮೆಂಟ್ ಕಂಪನಿಗಳು ಕೂಡಿ ಬೆಲೆ ಏರಿಸುವುದನ್ನು ತಡೆಯಲು ಮಾಡಿದ ಕಾನೂನು ಅದು. ಸಿಮೆಂಟ್ ಕಂಪನಿಯನ್ನೂ ಬ್ಲೌಸ್ ಹೊಲಿಯುವ ಅಕ್ಕನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಎಂಥ ನ್ಯಾಯ? ಲಿಯಾನಿನ ವ್ಯಾಪಾರಿಗಳು ಪ್ಯಾರಿಸ್ಸಿಗೆ ಒಯ್ದ ವಾದವೇ ಇಲ್ಲಿ ಹೊಸ ಅಂಗಿ ತೊಟ್ಟು ನಿಂತಿದೆ. ಈ ತಪ್ಪನ್ನು ಬೇರೆ ದೇಶಗಳು ತಿದ್ದಿಕೊಳ್ಳುತ್ತಿವೆ. ಹಾಲೆಂಡಿನಲ್ಲಿ ವಾದ್ಯಗೋಷ್ಠಿಗಳಿಗೆ ಬದಲಿಯಾಗಿ ನುಡಿಸುವ ಸಂಗೀತಗಾರರ ಕನಿಷ್ಠ ದರದ ಪ್ರಶ್ನೆ ಯುರೋಪಿನ ನ್ಯಾಯಾಲಯಕ್ಕೆ ಹೋಯಿತು. ಹೆಸರಿಗೆ ಸ್ವತಂತ್ರರಾಗಿದ್ದು ವಾಸ್ತವದಲ್ಲಿ ನೌಕರರಂತೆಯೇ ದುಡಿಯುವವರು ಒಟ್ಟಾಗಿ ದರ ಕೇಳುವುದು ಸ್ಪರ್ಧಾ ಕಾನೂನಿಗೆ ವಿರುದ್ಧವಲ್ಲವೆಂದು 2014ರಲ್ಲಿ ತೀರ್ಪಾಯಿತು. ಐರ್ಲೆಂಡ್ 2017ರಲ್ಲಿ ಕಂಠದಾನ ಮಾಡುವ ನಟರಿಗೆ, ಧ್ವನಿಮುದ್ರಣಗಳಲ್ಲಿ ನುಡಿಸುವ ವಾದ್ಯಗಾರರಿಗೆ, ಬಿಡಿ ಪತ್ರಕರ್ತರಿಗೆ ಒಟ್ಟಾಗಿ ಚೌಕಾಸಿ ಮಾಡುವ ಹಕ್ಕನ್ನು ಕಾನೂನಿನಲ್ಲಿಯೇ ಬರೆದುಕೊಟ್ಟಿತು. ಆಸ್ಟ್ರೇಲಿಯ 2021ರಲ್ಲಿ ಸಣ್ಣ ಉದ್ದಿಮೆದಾರರಿಗೂ, ಯುರೋಪಿನ ಆಯೋಗ 2022ರಲ್ಲಿ ಒಬ್ಬಂಟಿ ದುಡಿಮೆಗಾರರಿಗೂ ಇಂಥದೇ ವಿನಾಯಿತಿ ಕೊಟ್ಟವು. ನಮ್ಮ ಲೋಕಸಭೆಯ ಸದಸ್ಯರು ಈ ಮಾತನ್ನು ಸದನದಲ್ಲಿ ಎತ್ತಬೇಕೆಂದು ನಾವು ಒತ್ತಾಯಿಸುತ್ತೇವೆ. ಕ್ಷೌರದ ಅಂಗಡಿಯ ಪಟ್ಟಿಯಿಂದ ದೇಶದ ವ್ಯಾಪಾರವೇನೂ ಮುಳುಗಿದ್ದನ್ನು ನಾವು ಕಾಣೆವು.

ಅಲ್ಲಿಯವರೆಗೆ ದರವನ್ನಲ್ಲದಿದ್ದರೂ ಷರತ್ತುಗಳನ್ನು ಒಂದಾಗಿ ಹಿಡಿಯಲು ಅಡ್ಡಿಯೇನೂ ಇರಬಾರದು. ಮುಂಗಡವಿಲ್ಲದೆ ಕೆಲಸ ಹಿಡಿಯುವುದಿಲ್ಲ, ಎರಡಕ್ಕಿಂತ ಹೆಚ್ಚು ತಿದ್ದುಪಡಿ ಪುಕ್ಕಟೆಯಿಲ್ಲ, ಹದಿನೈದು ದಿನದೊಳಗೆ ಬಟವಾಡೆ, ಬಾಕಿ ಉಳಿಸಿಕೊಂಡವರಿಗೆ ಹಳೆಯ ಬಾಕಿ ತೀರುವವರೆಗೆ ಹೊಸ ಕೆಲಸವಿಲ್ಲ. ಒಂದು ಊರಿನ ಒಂದು ಕಸುಬಿನವರಲ್ಲಿ ಹೆಚ್ಚಿನವರು ಇಷ್ಟಕ್ಕೆ ನಿಂತರೂ ಐದು ನಿಮಿಷದ ಮಾತಿನ ಧಾಟಿ ಬದಲಾಗುತ್ತದೆ. ಮಾಡುವವನು ಆಗ ಒಬ್ಬನೇ ಕೂತಿರುವುದಿಲ್ಲ.

ಮಂಡಿಪೇಟೆಯ ಸಣ್ಣ ವ್ಯಾಪಾರಿ ಬಂಧುಗಳಿಗೂ ಎರಡು ಮಾತು. ಬಿಡಿ ದುಡಿಮೆಯ ಗಿರಾಕಿಗಳಲ್ಲಿ ನೀವೂ ಇದ್ದೀರಿ. ಅಂಗಡಿಯ ಬೋರ್ಡು, ಬಿಲ್ ಪುಸ್ತಕ, ದೀಪಾವಳಿಯ ಕರಪತ್ರ, ಜಿ.ಎಸ್.ಟಿ. ಲೆಕ್ಕ, ಎಲ್ಲವನ್ನೂ ಇವರ ಕೈಯಲ್ಲೇ ಮಾಡಿಸುತ್ತೀರಿ. ದೊಡ್ಡ ಕಂಪನಿಯ ಏಜೆಂಟ್ ನಿಮ್ಮಿಂದ ಮುಂಚೆಯೇ ಹಣ ಕಟ್ಟಿಸಿಕೊಂಡು ಮಾಲು ಕಳಿಸುತ್ತಾನೆ. ನೀವು ಆ ಒತ್ತಡವನ್ನು ಬೋರ್ಡು ಬರೆದ ಹುಡುಗನ ಮೇಲೆ ಇಳಿಸುತ್ತೀರಿ. "ನಾಳೆ ಬಾರಪ್ಪ" ಎಂದು ಅವನನ್ನು ಆರು ಸಲ ತಿರುಗಿಸಿದರೆ ಅವನ ಮನೆಯವರು ನಿಮ್ಮ ಅಂಗಡಿಯಲ್ಲಿಯೇ ಅಕ್ಕಿ ಬೇಳೆಗೆ ಕಡ ಹೇಳುತ್ತಾರೆ. ಆ ಕಡ ಬರೆದುಕೊಳ್ಳುವ ಪುಸ್ತಕವೂ ನಿಮ್ಮದೇ. 2006ರ ಕಾನೂನಿನ 45 ದಿನದ ರಕ್ಷಣೆ ಮಾಲು ಮಾರುವ ವ್ಯಾಪಾರಿಗೆ ಸಿಗುವುದಿಲ್ಲವೆಂಬ ನಿಮ್ಮ ದೂರು ನ್ಯಾಯವಾದದ್ದು. ಅದಕ್ಕಾಗಿ ನಾವು ನಿಮ್ಮ ಜೊತೆ ನಿಲ್ಲುತ್ತೇವೆ. ಬೋರ್ಡಿನ ಹುಡುಗನ ಬಾಕಿಯನ್ನು ಅದಕ್ಕಾಗಿ ಕಾಯಿಸಬೇಡಿ. ಚುನಾವಣೆಯ ಕಾಲದಲ್ಲಿ ಫ್ಲೆಕ್ಸು, ಕರಪತ್ರ ಮಾಡಿಸಿಕೊಂಡು ಫಲಿತಾಂಶದ ಮರುದಿನ ಫೋನ್ ಎತ್ತದ ಅಭ್ಯರ್ಥಿಗಳ ಮಾತು ಬೇರೆ. ಯಾವ ಪಕ್ಷವನ್ನೂ ಬಿಟ್ಟು ನಾವು ಇದನ್ನು ಹೇಳುತ್ತಿಲ್ಲ. ಅಂಥವರಿಗೆ ಪೂರ್ತಿ ಹಣ ಮೊದಲೇ.

ಡಿ.ಟಿ.ಪಿ.ಯವರು, ಫೋಟೋದವರು, ಹೊಲಿಗೆಯ ಅಕ್ಕತಂಗಿಯರು, ಬೋರ್ಡು ಬರೆಯುವವರು ತಮ್ಮ ತಮ್ಮ ಕಸುಬಿನವರನ್ನು ಒಂದು ಸಲ ಒಟ್ಟು ಸೇರಿಸಲಿ. ಕ್ಷೌರದ ಅಂಗಡಿಯವರಿಗೆ ಮಂಗಳವಾರ ರಜೆಯಿದೆ, ಅವರ ಸಭೆಗಳು ಸುಲಭ. ಉಳಿದವರು ತಮಗೊಂದು ದಿನ ಗೊತ್ತುಮಾಡಿಕೊಳ್ಳಬೇಕು. ಬರುವಾಗ ಹೋದ ಮೂರು ತಿಂಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ದಿನ ಹಿಡಿಯಿತು, ಹಣ ಎಷ್ಟು ದಿನಕ್ಕೆ ಕೈಸೇರಿತು ಎಂಬುದನ್ನು ಬರೆದು ತಂದರೆ ಮಾತು ಬೇಗ ಮುಗಿಯುತ್ತದೆ. ಕೂರಲು ಜಾಗವಿಲ್ಲದಿದ್ದರೆ ನಮ್ಮ ಕಚೇರಿಯ ಮುಂದಿನ ಕೋಣೆ ಸಂಜೆ ಆರರ ಮೇಲೆ ಖಾಲಿ ಇರುತ್ತದೆ.